ಕೆರೆ ನೋಡೋಕೆ ಮೈಸೂರಿಗೆ ಯಾಕೆ ಮೇಷ್ಟ್ರೇ?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಅಧ್ಯಕ್ಷರು ಕೇಳಿದ ಪ್ರಶ್ನೆಯೇ ಮೇಲಿನ ತಲೆಬರಹ. "ನಮ್ಮೂರಲ್ಲಿ ಕೆರೆ ಇಲ್ವಾ? ಅಷ್ಟು ದೂರ ಹೋಗಿ ಅರಮನೆ ನೋಡ್ದೆ ಬರ್ತಾರಾ ಯಾರಾದ್ರೂ?" ಎಲ್ಲರೂ ನಕ್ಕರು, ನಮ್ಮ ಹೆಡ್‌ಮಾಸ್ಟರೂ ಸೇರಿ. ಮೈಸೂರಿನ ಕಾರಂಜಿ ಕೆರೆಯೊಂದನ್ನೇ, ಅದೂ ಅರ್ಧ ದಿನ, 34 ಮಕ್ಕಳಿಗೆ ತೋರಿಸಿಕೊಂಡು ಬಂದ ಮೇಲೆ ಈಗ ಅಕ್ಕಪಕ್ಕದ ಶಾಲೆಯವರು ಫೋನ್ ಮಾಡಿ "ಹೆಂಗೆ ಮಾಡಿದ್ರಿ ಸಾರ್" ಅಂತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆ ಡಬ್ಬ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲು ಸೋತ ಕಥೆ. ನಮ್ಮದು ಹುಣಸೂರು ಕಡೆಯ ಹಳ್ಳಿ. ನಾಲ್ಕು ವರ್ಷದ ಹಿಂದೆ ಉತ್ಸಾಹದಲ್ಲಿ ಆಗಸ್ಟ್ ತಿಂಗಳಲ್ಲಿ ರಂಗನತಿಟ್ಟಿಗೆ ಹೊರಟೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೇಳಿ ಪಕ್ಷಿಧಾಮ ಮಾಡಿಸಿದ್ದು, 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಗಿದ್ದು ಅಂತ ಬಸ್ಸಲ್ಲಿ ದಾರಿಯುದ್ದಕ್ಕೂ ಭಾಷಣ ಬೇರೆ. ಹೋಗಿ ನೋಡಿದರೆ ಕನ್ನಂಬಾಡಿ ತುಂಬಿ ನೀರು ಬಿಟ್ಟಿದ್ದಾರೆ, ಕಾವೇರಿ ಕೆಂಪಗೆ ಬೋರ್ಗರೆಯುತ್ತಿದೆ, ದೋಣಿ ಬಂದ್. ಮಕ್ಕಳು ದಡದಲ್ಲಿ ನಿಂತು ನೀರು ನೋಡಿ ಬಂದರು. ತಪ್ಪು ನನ್ನದೇ. ಹಿಂದಿನ ದಿನದ ಪೇಪರಲ್ಲೇ ಅಣೆಕಟ್ಟಿನ ಹೊರಹರಿವು ಇತ್ತು, ನಾನು ಓದಿರಲಿಲ್ಲ. ಆಗಸ್ಟ್ ಇನ್ನೊಂದು ಲೆಕ್ಕದಲ್ಲೂ ತಪ್ಪು. ನಮ್ಮ ಕಡೆ ಆಗ ಹೊಗೆಸೊಪ್ಪು ಮುರಿದು ಬೇಯಿಸುವ ಕಾಲ. ಮನೆಯಲ್ಲಿ ದುಡ್ಡೂ ಇರುವುದಿಲ್ಲ, ಶಾಲೆಯಲ್ಲಿ ಮಕ್ಕಳೂ ಇರುವುದಿಲ್ಲ.

ಮರುವರ್ಷ ಎಲ್ಲರ ಮಾತು ಕೇಳಿ ಮಾಮೂಲಿ ಪ್ರವಾಸ. ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ, ಸಂಜೆಗೆ ಕೆಆರ್‌ಎಸ್ ದೀಪ. ತಲೆಗೆ 850 ರೂಪಾಯಿ. ಕೊಡಲಾಗದೆ ಹದಿನೈದು ಮಕ್ಕಳು ಮನೆಯಲ್ಲೇ ಉಳಿದರು. ಹೋದವರಲ್ಲಿ ಏಳೆಂಟು ಮಂದಿ ಬೆಟ್ಟದ ತಿರುವುಗಳಲ್ಲೇ ವಾಂತಿ ಮಾಡಿದರು. ಊರು ಸೇರಿದಾಗ ರಾತ್ರಿ ಹನ್ನೊಂದೂವರೆ. ಮಾರನೇ ದಿನ "ಏನೇನ್ ನೋಡ್ದೆ?" ಅಂತ ಆರನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕೇಳಿದರೆ, "ಬಸ್ಸಲ್ಲಿ ಟಿವಿ ಇತ್ತು ಸಾ" ಅಂದಳು. ಆವತ್ತೇ ತೀರ್ಮಾನ ಮಾಡಿದೆ: ಒಂದು ಜಾಗ, ಅರ್ಧ ದಿನ, ಹೊತ್ತು ಮುಳುಗುವ ಮುಂಚೆ ಮನೆ.

ಕಾರಂಜಿಯೇ ಯಾಕೆ ಅಂದರೆ, ಅದು ಬೆಟ್ಟದ ಬುಡದಲ್ಲಿ, ಮೃಗಾಲಯದ ಪಕ್ಕದಲ್ಲೇ ಇದೆ. ಒಟ್ಟು 90 ಹೆಕ್ಟೇರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಟಿಕೆಟ್ ಮೃಗಾಲಯಕ್ಕಿಂತ ಎಷ್ಟೋ ಕಡಿಮೆ. ಹಕ್ಕಿ ನೋಡಲು ದೋಣಿ ಹತ್ತಲೇಬೇಕಿಲ್ಲ, ದಡದ ದಾರಿಯೇ ಸಾಕು. ಮೊದಲು ಒಬ್ಬನೇ ಬೈಕಲ್ಲಿ ನೋಡಿಕೊಂಡು ಬರಲು ಹೋದೆ. ಹೋದದ್ದು ಮಂಗಳವಾರ, ಗೇಟಿಗೆ ಬೀಗ. ಇನ್ನೂರು ರೂಪಾಯಿ ಪೆಟ್ರೋಲ್ ಹೋಯಿತು, ಆದರೆ ಬಸ್ ತುಂಬ ಮಕ್ಕಳನ್ನು ಕರೆದುಕೊಂಡು ಹೋಗಿ ಪೆಚ್ಚಾಗುವುದಕ್ಕಿಂತ ಅಗ್ಗವೇ. ಪಕ್ಕದ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಶನಿವಾರ ಭಾನುವಾರ ಜನಜಾತ್ರೆ. ಹಾಗಾಗಿ ನನ್ನ ದಿನ ಬುಧವಾರ, ತಿಂಗಳು ಜನವರಿ. ಹೊಗೆಸೊಪ್ಪಿನ ಹರಾಜಿನ ದುಡ್ಡು ಮನೆಗಳಿಗೆ ಬಂದಿರುತ್ತದೆ, ಚಳಿಗೆ ವಲಸೆ ಹಕ್ಕಿಗಳೂ ಬಂದಿರುತ್ತವೆ.

ಅಧ್ಯಕ್ಷರ ಮಾತನ್ನು ಮಾತ್ರ ನಾನು ಬಿಡಲಿಲ್ಲ. ನಮ್ಮೂರಲ್ಲಿ ಕೆರೆ ಇದೆಯಲ್ಲ, ಅಲ್ಲಿಂದಲೇ ಶುರು ಮಾಡಿದೆ. ಡಿಸೆಂಬರಿನ ಮೂರು ಶನಿವಾರ ಬೆಳಿಗ್ಗೆ ಊರ ಕೆರೆ ಏರಿ ಮೇಲೆ ಪಾಠ. ಗುಳುಮುಳುಕ ಎಲ್ಲಿ ಮುಳುಗಿ ಎಲ್ಲಿ ಏಳುತ್ತದೆ, ನೀರುಕಾಗೆ ರೆಕ್ಕೆ ಬಿಚ್ಚಿ ಯಾಕೆ ಕೂರುತ್ತದೆ, ಇಷ್ಟೇ. ಈ ಮೂರು ಶನಿವಾರ ಇಲ್ಲದಿದ್ದರೆ ಕಾರಂಜಿಯೂ ದಂಡವೇ ಆಗುತ್ತಿತ್ತು. ದೊಡ್ಡ ಕೆರೆಯ ಮುಂದೆ ಏಕಾಏಕಿ ನಿಲ್ಲಿಸಿದರೆ ಮಕ್ಕಳಿಗೆ ಬರೀ ನೀರು ಕಾಣುತ್ತದೆ.

ಎಣಿಸುವುದಕ್ಕೆ ಒಂದು ಉಪಾಯ ಹೂಡಿದ್ದೆ. ಹಕ್ಕಿಯೊಂದು ಕಂಡರೆ ಎಡಜೇಬಿನಿಂದ ಬಲಜೇಬಿಗೆ ಒಂದು ಕಾಳು. ಮೊದಲ ಶನಿವಾರ ಕಡಲೆಬೀಜ ಕೊಟ್ಟೆ. ಒಂದು ಗುಂಪಿನ ಲೆಕ್ಕದಲ್ಲಿ ಕೆರೆಯಲ್ಲಿ ಹಕ್ಕಿಯೇ ಇಲ್ಲ, ಬೀಜವೂ ಇಲ್ಲ! ಎರಡನೇ ವಾರ ಅವರೆಕಾಳು. ಅದು ಮನೆಗೆ ಹೋಗಿ ಸಾರಾಯಿತು. ಕೊನೆಗೆ ಹುಣಸೆಬೀಜ. ಅದನ್ನು ಯಾರೂ ತಿನ್ನುವುದಿಲ್ಲ, ಕಳೆದರೂ ದುಃಖವಿಲ್ಲ. ಬೈನಾಕ್ಯುಲರ್ ವಿಷಯವೂ ಹೀಗೇ. ಸ್ನೇಹಿತರೊಬ್ಬರಿಂದ ತಂದ ಒಂದೇ ಒಂದು ಇತ್ತು, 34 ಮಕ್ಕಳು ಅದಕ್ಕೇ ಮುತ್ತಿಕೊಂಡು ಹಕ್ಕಿಯೆಲ್ಲ ಹಾರಿಹೋದವು. ಚೀಲಕ್ಕೆ ತುರುಕಿ, ಹಳೇ ಪೇಪರ್ ಸುತ್ತಿ ಕೊಳವೆ ಮಾಡಿಸಿದೆ. ದೂರದ್ದು ಹತ್ತಿರ ಬರುವುದಿಲ್ಲ ನಿಜ, ಆದರೆ ಅಕ್ಕಪಕ್ಕದ್ದು ಮರೆಯಾಗಿ ಕಣ್ಣು ಒಂದೇ ಕಡೆ ನಿಲ್ಲುತ್ತದೆ. ನನಗೇ ಆಶ್ಚರ್ಯ ಆಯಿತು.

ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಟು ಎಂಟೂಕಾಲಿಗೆ ತಲುಪಿದೆವು. ಹೊಟ್ಟೆಗೆ ಹೊರಡುವಾಗ ಎರಡೆರಡು ಇಡ್ಲಿ ಮಾತ್ರ, ಅದೂ ಚಟ್ನಿಪುಡಿ ಜತೆ. ಹಿಂದಿನ ಸಲ ಎಣ್ಣೆ ತೇಲುವ ಉಪ್ಪಿಟ್ಟು ತಿನ್ನಿಸಿ ಅನುಭವಿಸಿದ್ದೆವು. ಈ ಸಲ ವಾಂತಿ ಒಂದೇ, ಅದು ಡ್ರೈವರ್ ಸೀಟಿನ ಹಿಂದೆ ಕೂತಿದ್ದ ನಮ್ಮ ಪಿಟಿ ಮೇಷ್ಟ್ರದ್ದು. ಗೇಟ್ ತೆರೆದ ಕೂಡಲೇ ಒಳಗೆ. ಆ ಮೊದಲ ಒಂದೂವರೆ ಗಂಟೆಯೇ ಬಂಗಾರ. ಆಮೇಲೆ ಸೆಲ್ಫಿಯವರು ಬಂದುಬಿಡುತ್ತಾರೆ.

ಎಲ್ಲರೂ ಮಾಡುವ ತಪ್ಪೊಂದಿದೆ, ನವಿಲು ಇರುವ ದೊಡ್ಡ ಪಂಜರಕ್ಕೆ ಮೊದಲು ನುಗ್ಗುವುದು. ಜನ ಒಳಗೇ ನಡೆದಾಡುವಷ್ಟು ದೊಡ್ಡದು, ಚೆನ್ನಾಗಿಯೇ ಇದೆ. ಆದರೆ ಕೈಗೆಟುಕುವ ದೂರದಲ್ಲಿ ನವಿಲು ನೋಡಿದ ಮಗು ಆಮೇಲೆ ನಡುಗಡ್ಡೆಯಲ್ಲಿ ಚುಕ್ಕಿಯಂತೆ ಕೂತ ಕೊಕ್ಕರೆಯನ್ನು ಯಾಕೆ ನೋಡುತ್ತದೆ? ನಾನು ಅದನ್ನು ಕೊನೆಗೆ ಇಟ್ಟೆ. ಮೊದಲು ದಡ. ನೀರಿನ ನಡುವಿನ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಓಡಾಡುತ್ತಿದ್ದವು, ಹೆಜ್ಜಾರ್ಲೆಗಳು (ಪೆಲಿಕನ್) ಹಿಂಡಾಗಿ ತೇಲುತ್ತಿದ್ದವು. ಮಿಂಚುಳ್ಳಿ ಮೀನಿಗೆ ಎರಗುವುದು ಕಾಣುವ ಒಂದು ಮೂಲೆಯನ್ನು ಮೊದಲೇ ನೋಡಿಟ್ಟಿದ್ದೆ. ಆ ಜಾಗ ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಜನವರಿಗೆ ಮೂರು ಶಾಲೆ ಅಲ್ಲೇ ನಿಂತಿರುತ್ತವೆ.

ಒಂದು ಗುಂಪು ಹೆಜ್ಜಾರ್ಲೆ 20 ಅಂದಿತು, ಇನ್ನೊಂದು 60 ಅಂದಿತು. ಜಗಳ. ನೋಡಿದ್ದು ಒಂದೇ ಹಿಂಡು. 60ರವರು ಹಕ್ಕಿ ಸರಿದಾಡಿದಾಗಲೆಲ್ಲ ಮತ್ತೆ ಮತ್ತೆ ಎಣಿಸಿದ್ದರು. ಸರಿ, ಒಬ್ಬರು ಎಡದಿಂದ ಒಬ್ಬರು ಬಲದಿಂದ ಎಣಿಸಿ ಅಂತ ಮತ್ತೆ ಕಳಿಸಿದೆ. 26ಕ್ಕೋ 28ಕ್ಕೋ ಬಂದು ನಿಂತಿತು. ಇದಕ್ಕೇ ಮುಕ್ಕಾಲು ಗಂಟೆ ಹೋಯಿತು. ಪಕ್ಕದಲ್ಲಿ ಹೆಡ್‌ಮಾಸ್ಟರು ಗಡಿಯಾರ ನೋಡಿಕೊಳ್ಳುತ್ತಿದ್ದವರು ಸ್ವಲ್ಪ ಹೊತ್ತಿಗೆ ತಾವೇ ಹುಣಸೆಬೀಜ ಇಸಿದುಕೊಂಡರು, ಅದನ್ನು ನಾನು ಮರೆಯುವುದಿಲ್ಲ.

ದೋಣಿ ಬೇಡ ಅಂದಿದ್ದಕ್ಕೆ ಮಕ್ಕಳು ಮುಖ ಊದಿಸಿಕೊಂಡರು. ಸರದಿ, ಜಾಕೆಟ್ಟು, ದುಡ್ಡು ಎಲ್ಲ ಸೇರಿ ಒಂದು ಗಂಟೆ ತಿನ್ನುತ್ತದೆ, ನಾನು ಬಗ್ಗಲಿಲ್ಲ. ಸೋತದ್ದು ಚಿಟ್ಟೆಯಲ್ಲಿ. ಚಿಟ್ಟೆ ಉದ್ಯಾನಕ್ಕೆ ಬೆಳಿಗ್ಗೆಯೇ ಹೋಗಿದ್ದೆವು, ಚಳಿಗೆ ಒಂದೂ ಎದ್ದಿರಲಿಲ್ಲ. ಬಿಸಿಲೇರಿದ ಮೇಲೆ ಹೋಗಬೇಕಿತ್ತು. ಹನ್ನೊಂದಕ್ಕೆ ಪಂಜರದ ನವಿಲು, ಆಮೇಲೆ ಬಿಸಿಲಿನ ಹೊತ್ತಿಗೆ ವಸ್ತುಸಂಗ್ರಹಾಲಯದ ನೆರಳು, ಒಂದೂವರೆಗೆ ಬಿಸಿಯೂಟದ ಅಕ್ಕ ಕಟ್ಟಿಕೊಂಡು ಬಂದ ಪುಳಿಯೋಗರೆ. ನಾಲ್ಕಕ್ಕೆ ಊರು.

ಲೆಕ್ಕ, ನೆನಪಿನಿಂದ: ತಲೆಗೆ 340ರಂತೆ 34 ಮಕ್ಕಳಿಂದ ಹನ್ನೊಂದೂವರೆ ಸಾವಿರ. ಬಸ್ಸಿಗೆ 9,000. ಹನ್ನೆರಡೂವರೆ ಹೇಳಿದ್ದನ್ನು ಒಂಬತ್ತಕ್ಕೆ ಇಳಿಸಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅರ್ಧ ದಿನಕ್ಕೆ ಮಾತ್ರ ಗಾಡಿ ಬೇಕು ಅನ್ನುವುದರಲ್ಲೇ ಅದರ ಗುಟ್ಟಿದೆ, ಯೋಚಿಸಿ. ಟಿಕೆಟ್ಟಿಗೆ ಸಾವಿರದ ನೂರರ ಹತ್ತಿರ, ಊಟಕ್ಕೆ ಒಂಬೈನೂರು. ಆರು, ಏಳನೇ ಕ್ಲಾಸಿನ ಒಂದು ಮಗುವೂ ದುಡ್ಡಿಲ್ಲ ಅಂತ ಉಳಿಯಲಿಲ್ಲ.

ಸೋಮವಾರ ಶಾಲೆಯಲ್ಲಿ ಎರಡು ಪಟ್ಟಿ ಬರೆಸಿದೆ, ಒಂದು ಕಾರಂಜಿಯದು, ಒಂದು ನಮ್ಮ ಕೆರೆಯದು. ನಮ್ಮಲ್ಲಿ ಕಂಡು ಅಲ್ಲಿ ಕಾಣದ ಹಕ್ಕಿ ನಾಲ್ಕಿದ್ದವು. ಆ ಪಟ್ಟಿಯನ್ನು ಅಧ್ಯಕ್ಷರ ಮಗನ ಕೈಯಲ್ಲೇ ಬರೆಸಿ ಮನೆಗೆ ಕಳಿಸಿದೆ.

ಉಳಿದದ್ದು ಐನೂರೈವತ್ತು ರೂಪಾಯಿ. ಕೂಡಿಟ್ಟು ಬೈನಾಕ್ಯುಲರ್ ತರೋಣ ಅಂದೆ. ಕೈಯೆತ್ತಿ ಮತ ಹಾಕಿಸಿದರೆ ಐಸ್‌ಕ್ರೀಮಿಗೆ 31, ಬೈನಾಕ್ಯುಲರಿಗೆ 3.