ಉಪ್ಪುನೀರಿಗೆ ಹೋಗಿ ಬಂದ ಕೋವಿ: ಎಣ್ಣೆಗಿಂತ ಮೊದಲು ಸಿಹಿನೀರು

ಕೋವಿಗೆ ತುಕ್ಕು ಹಿಡೀಬಾರದು ಅಂದ್ರೆ ಎಣ್ಣೆ ಹಚ್ಚಬೇಕು. ಇದು ಕೋವಿ ಇರುವ ಮನೆಯ ಮಕ್ಕಳಿಗೂ ಗೊತ್ತು. ಆದರೆ ಸಮುದ್ರದ ದಂಡೆಗೆ ಹೋಗಿ ಬಂದ ಕೋವಿಗೆ ಇಷ್ಟೇ ಮಾಡಿದರೆ ಕೆಲಸ ಕೆಡುತ್ತದೆ. ಉಪ್ಪಿನ ಮೇಲೆ ಎಣ್ಣೆ ಸವರಿದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಎಣ್ಣೆಯ ಕೆಳಗೆ ಬೆಚ್ಚಗೆ ಕೂತು ತನ್ನ ಕೆಲಸ ಮುಂದುವರಿಸುತ್ತದೆ. ಮೊದಲು ತೊಳೆಯಬೇಕು, ಅದೂ ನಲ್ಲಿಯ ಸಿಹಿನೀರಲ್ಲಿ. ಕೋವಿಗೆ ನೀರು ಹಾಕೋದಾ ಅಂತ ಗಾಬರಿ ಬೇಡ.

ಈ ವಿದ್ಯೆಯನ್ನು ಚೆನ್ನಾಗಿ ಅರಗಿಸಿಕೊಂಡವರು ಬ್ರಿಟನ್ನಿನ ಕರಾವಳಿಯ ಬಾತುಬೇಟೆಯವರು. ಇಂಗ್ಲೆಂಡಿನ ಪೂರ್ವದಲ್ಲಿರುವ ವಾಶ್ ಕೊಲ್ಲಿ, ಪಶ್ಚಿಮದ ಮೋರ್ಕಂಬ್ ಕೊಲ್ಲಿ, ಸ್ಕಾಟ್ಲೆಂಡ್ ಗಡಿಯ ಸಾಲ್ವೇ, ಇವೆಲ್ಲ ಅವರ ಜಾಗಗಳು. ಉಬ್ಬರ ಬಂದಾಗ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲು, ಮಧ್ಯೆ ಮಧ್ಯೆ ಉಪ್ಪುನೀರಿನ ಕಾಲುವೆಗಳು. ಬೆಳಕು ಹರಿಯುವ ಮೊದಲೇ ಹೋಗಿ ಆ ಕಾಲುವೆಯೊಳಗೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ವಿಜನ್, ಟೀಲ್ ಬಾತುಗಳು, ಐಸ್‌ಲ್ಯಾಂಡ್ ಕಡೆಯಿಂದ ಚಳಿಗಾಲ ಕಳೆಯಲು ಬರುವ ಗುಲಾಬಿ ಕಾಲಿನ ಹೆಬ್ಬಾತುಗಳು ಹಾರಿ ಬರುವ ಹೊತ್ತು ಅದು. ಒಳನಾಡಿನಲ್ಲಿ ಜನವರಿ 31ಕ್ಕೆ ಬೇಟೆಯ ಕಾಲ ಮುಗಿದರೂ ಉಬ್ಬರದ ಗೆರೆಯ ಕೆಳಗೆ ಸೆಪ್ಟೆಂಬರ್ 1ರಿಂದ ಫೆಬ್ರವರಿ 20ರವರೆಗೆ ಅವಕಾಶ ಇದೆ. ಅಂದ್ರೆ ವರ್ಷದ ಅತಿ ಒದ್ದೆ, ಅತಿ ಚಳಿಯ ತಿಂಗಳುಗಳಲ್ಲೇ ಕೋವಿ ಉಪ್ಪು ಕೆಸರಲ್ಲಿ ಓಡಾಡುತ್ತದೆ. ಸಾಲದ್ದಕ್ಕೆ ಹಕ್ಕಿ ಹೆಕ್ಕಿ ತರುವ ನಾಯಿ ಪಕ್ಕಕ್ಕೆ ಬಂದು ಮೈ ಕೊಡವುತ್ತದೆ!

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಡುಹಕ್ಕಿ ಬೇಟೆಯ ಮಾತೇ ಇಲ್ಲ. ಬೇಟೆ ಸರಿಯೋ ತಪ್ಪೋ ಅನ್ನುವ ಜಗಳಕ್ಕೂ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇಟ್ಟುಕೊಂಡವರು ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಇದ್ದಾರೆ, ಕೊಡಗಿನಲ್ಲಂತೂ ಕೋವಿ ಮನೆಯ ಸದಸ್ಯನೇ. ಕಬ್ಬಿಣ ಎಲ್ಲಿದ್ದರೂ ಕಬ್ಬಿಣ, ಅಲ್ವಾ?

ಉಪ್ಪು ಯಾಕೆ ಇಷ್ಟು ಕೆಟ್ಟದ್ದು

ಕಬ್ಬಿಣ, ಗಾಳಿಯ ಆಮ್ಲಜನಕ, ನೀರು, ಈ ಮೂರು ಸೇರಿದರೆ ತುಕ್ಕು. ಉಪ್ಪು ಬಂದರೆ ಇದೇ ಕೆಲಸ ಹಲವು ಪಟ್ಟು ಬೇಗ ಆಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ತುಕ್ಕಿನ ಕ್ರಿಯೆಯೂ ಜೋರಾಗುತ್ತದೆ, ಜೊತೆಗೆ ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಮೇಲಿನ ತೆಳು ರಕ್ಷಣೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಅದಕ್ಕೇ ಉಪ್ಪಿನ ತುಕ್ಕು ಮೇಲ್ಮೈಯಲ್ಲಿ ಸಮನಾಗಿ ಹರಡದೆ ಚುಕ್ಕೆ ಚುಕ್ಕೆಯಾಗಿ ಗುಂಡಿ ಬೀಳಿಸುವುದು.

ಇನ್ನೊಂದು ತಾಪತ್ರಯ ಇದೆ. ನೀರು ಆರಿತು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಆರಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75% ದಾಟಿದಾಗ ನೀರೂರುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕಿಂತ ತುಂಬಾ ಕಡಿಮೆಯಲ್ಲೇ ನೀರು ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀರುವಿನೊಳಗೆ ಒರೆಸಿಟ್ಟ ಕೋವಿ ವಾರದ ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುವುದು ಹೀಗೆ.

ನಳಿಗೆಯ ಮೇಲೆ ಕಾಣುವ ಕಪ್ಪು-ನೀಲಿ ಬಣ್ಣ ಇದನ್ನೆಲ್ಲ ತಡೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಪೇಂಟ್ ಅಲ್ಲ, ಬೇಕೆಂದೇ ತರಿಸಿದ ಒಂದು ಬಗೆಯ ಕಬ್ಬಿಣದ ಆಕ್ಸೈಡ್. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ದೊಡ್ಡ ಉಪಕಾರ. ಎಣ್ಣೆ ಹೋದರೆ ಅದೂ ಹೋದ ಹಾಗೆ.

ಹೊರಡುವ ಮೊದಲು

ಹಿಂದಿನ ದಿನವೇ ನಳಿಗೆಯ ಹೊರಮೈಗೆ ಮೇಣ ಹಚ್ಚಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಹಳೆಯ ವಸ್ತುಗಳನ್ನು ಕಾಪಾಡಲು ರೂಪಿಸಿದ ರೆನೈಸಾನ್ಸ್ ವ್ಯಾಕ್ಸ್ ಅನ್ನು ಅಲ್ಲಿನ ಬೇಟೆಗಾರರೂ ಬಳಸುತ್ತಾರೆ. ಎಣ್ಣೆ ಕೈಗೆ, ಕೋಟಿಗೆ ಅಂಟಿ ಹೋಗುತ್ತದೆ. ಮೇಣ ಹಾಗೆ ಹೋಗುವುದಿಲ್ಲ. ಬೆರಳಿಗೆ ಚೂರು ತೆಗೆದುಕೊಂಡು ಸವರಿ, ಆರಲು ಬಿಟ್ಟು, ಬಟ್ಟೆಯಲ್ಲಿ ಉಜ್ಜಿದರೆ ಸಾಕು.

ನಳಿಗೆಯ ಒಳಗೆ ಹಿಂದಿನ ಸಲದ ಎಣ್ಣೆ ಇದ್ದರೆ ಒಣ ಬಟ್ಟೆ ಹಾಕಿ ಎಳೆದು ತೆಗೆಯಿರಿ. ಜಾಸ್ತಿ ಎಣ್ಣೆ ಇರುವ ನಳಿಗೆಯಲ್ಲಿ ಈಡು ಹೊಡೆಯಬಾರದು.

ಕೆಸರಿನಲ್ಲಿ ಜಾರಿ ಬಿದ್ದರೆ ತುಕ್ಕಿನ ಚಿಂತೆ ಆಮೇಲೆ. ಮೊದಲು ನಳಿಗೆ ಮಡಚಿ, ತೋಟೆ ತೆಗೆದು, ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಒಂದು ಮುದ್ದೆ ಕೆಸರು ಬಾಯಲ್ಲಿ ಸಿಕ್ಕಿಕೊಂಡಿದ್ದರೂ ನಳಿಗೆ ಸಿಡಿಯುತ್ತದೆ.

ಮನೆಗೆ ಬಂದ ಮೇಲೆ

ಬೆಳಗಿನ ಜಾವ ಎದ್ದು ಮೂಳೆ ನಡುಗುವ ಚಳಿಯಲ್ಲಿ ಕೂತು ಬಂದವರಿಗೆ ಮೊದಲು ಬೇಕಾಗುವುದು ಬಿಸಿ ಟೀ ಮತ್ತು ನಿದ್ದೆ. ತುಕ್ಕಿಗೂ ಅದೇ ಬೇಕು. ಒದ್ದೆ ಚೀಲದಲ್ಲಿ ಕೋವಿ ರಾತ್ರಿಯಿಡೀ ಮಲಗಿದರೆ ಬೆಳಿಗ್ಗೆ ಕೆಲಸ ಮುಗಿದಿರುತ್ತದೆ. ಚೀಲದ ಒಳಗಿನ ಉಣ್ಣೆಯಂಥ ಬಟ್ಟೆ ಉಪ್ಪುನೀರನ್ನು ಹೀರಿ ಹಿಡಿದುಕೊಂಡು ಲೋಹಕ್ಕೆ ಒತ್ತಿ ಇಡುತ್ತದೆ. ಅದಕ್ಕೇ ಮನೆ ಸೇರಿದ ತಕ್ಷಣ ಕೋವಿ ಹೊರಗೆ ಬರಬೇಕು, ಚೀಲವನ್ನು ಒಳಗೆ ಹೊರಗು ಮಾಡಿ ಸಿಹಿನೀರಲ್ಲಿ ಜಾಲಿಸಿ ಒಣಗಲು ಹಾಕಬೇಕು.

ತೋಟೆ ಇಲ್ಲ ಅಂತ ಎರಡು ಸಲ ನೋಡಿ. ಆಮೇಲೆ ಜೋಡುನಳಿಗೆ ಕೋವಿಯನ್ನು ಮೂರು ಭಾಗ ಮಾಡಿ: ನಳಿಗೆ, ಅದರ ಕೆಳಗಿನ ಮರದ ಮುಂಗೈ, ಕುದುರೆ (ಈಡು ಹಾರಿಸುವ ಕೀಲು) ಇರುವ ಹಿಂಭಾಗ. ನಳಿಗೆಯನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿಯುವುದು. ಮೊದಲು ಉಗುರು ಬೆಚ್ಚಗಿನ ನೀರಲ್ಲಿ ಕೆಸರು, ಉಪ್ಪು ಹೋಗುವ ಹಾಗೆ ಹೊರಗೂ ಒಳಗೂ ತೊಳೆಯಿರಿ. ಕೊನೆಗೆ ಒಂದು ಕೆಟಲ್ ಕುದಿನೀರನ್ನು ನಳಿಗೆಯ ಹಿಂತುದಿಯಿಂದ ಒಳಗೆ ಸುರಿಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ, ನಳಿಗೆ ಕೂಡಲೇ ಬಿಸಿಯಾಗುತ್ತದೆ. ಆ ಬಿಸಿಯೇ ಉಪಾಯ. ಬಿಸಿ ಉಕ್ಕಿನ ಮೇಲೆ ಉಳಿದ ನೀರು ನೋಡ್ತಾ ನೋಡ್ತಾ ಆವಿಯಾಗಿ ಹೋಗುತ್ತದೆ.

ಕರಿಮದ್ದು ತುಂಬಿ ಹೊಡೆಯುವ ಕೋವಿಯ ಪರಿಚಯ ಇದ್ದವರಿಗೆ ಇದು ಹೊಸದಲ್ಲ. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿಯಲ್ಲೂ ತೇವ ಎಳೆಯುವ ಲವಣಗಳಿರುತ್ತವೆ. ಎಣ್ಣೆಗೆ ಅವು ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತವೆ.

ಮರ ಮತ್ತು ಕುದುರೆ ಇರುವ ಭಾಗವನ್ನು ಖಂಡಿತ ನೀರಿಗೆ ಅದ್ದಬೇಡಿ. ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಲೋಹವನ್ನೆಲ್ಲ ಒರೆಸಿ. ಮೂಲೆ ಸಂದಿಗಳಿಗೆ ಕಿವಿಗೆ ಹಾಕುವ ಹತ್ತಿಯ ಕಡ್ಡಿ, ಹಳೆ ಟೂತ್‌ಬ್ರಶ್. ಪೂರ್ತಿ ಸಮುದ್ರಕ್ಕೇ ಬಿದ್ದ ಕೋವಿಯಾದರೆ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ, ಅವತ್ತೇ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ.

ಒಣಗಿಸಲು ಅಡುಗೆಮನೆಯ ಪೇಪರ್, ಹಳೆ ಬನಿಯನ್ ಬಟ್ಟೆ, ಸಣ್ಣ ಬಿಸಿಯಲ್ಲಿ ಹೇರ್ ಡ್ರೈಯರ್ ಎಲ್ಲ ಆಗುತ್ತದೆ. ಮರವನ್ನು ಮಾತ್ರ ಹೀಟರ್ ಮೇಲೆ, ಒಲೆಯ ಹತ್ತಿರ ಇಡಬೇಡಿ, ಬಿರುಕು ಬಿಡುತ್ತದೆ. ಚಳಿಯಿಂದ ಬಂದ ತಣ್ಣನೆಯ ಲೋಹದ ಮೇಲೆ ಬೆಚ್ಚಗಿನ ಕೋಣೆಯ ಗಾಳಿ ಸೋಕಿದರೆ ಬೆವರಿನಂತೆ ಹನಿಗಟ್ಟುತ್ತದೆ. ಹಾಗಾಗಿ ಒಂದು ಸಲ ಒರೆಸಿ ಮುಗಿಸಬೇಡಿ. ಕೋವಿ ಕೋಣೆಯಷ್ಟೇ ಬೆಚ್ಚಗಾದ ಮೇಲೆ ಇನ್ನೊಮ್ಮೆ ಒರೆಸಿ.

ಈಗ ನೀರು ಓಡಿಸುವ ಸ್ಪ್ರೇ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಹುಟ್ಟಿದ್ದೇ ಇದಕ್ಕೆ. 1953ರಲ್ಲಿ ಅಮೆರಿಕದಲ್ಲಿ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ನೀರನ್ನು ಹೊರದಬ್ಬಲು ಮಾಡಿದ್ದು. 40ನೇ ಪ್ರಯತ್ನದಲ್ಲಿ ಸರಿಹೋಯಿತು ಅಂತ ಆ ಹೆಸರು. ಸಂದಿಗಳ ನೀರು ಓಡಿಸಲು ಒಳ್ಳೆಯದು. ಆದರೆ ತಿಂಗಳುಗಟ್ಟಲೆ ಕಾಯುವ ಎಣ್ಣೆ ಅದಲ್ಲ, ಮರಕ್ಕೂ ಅದನ್ನು ಬಡಿಯಬೇಡಿ. ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ ತೆಗೆದು, ಆಮೇಲೆ ಸರಿಯಾದ ಕೋವಿ ಎಣ್ಣೆಯ ತೆಳು ಪದರ ಹಚ್ಚಿ. ತೆಳು ಅಂದ್ರೆ ತೆಳು. ಸುರಿದರೆ ಧೂಳು ಹಿಡಿಯುತ್ತದೆ, ಕುದುರೆಯೊಳಗೆ ಇಳಿದು ಜಿಗುಟಾಗುತ್ತದೆ.

ಎಲ್ಲರೂ ಮರೆಯುವ ಎರಡು ಜಾಗ

ಒಂದು, ಚೋಕ್. ಈಗಿನ ಬಹುಪಾಲು ಕೋವಿಗಳಲ್ಲಿ ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಚೋಕ್, ಅಂದ್ರೆ ಚರೆ ಎಷ್ಟು ಹರಡಬೇಕು ಅಂತ ನಿರ್ಧರಿಸುವ ಸಣ್ಣ ಕೊಳವೆ, ಇರುತ್ತದೆ. ಆ ತಿರುಪಿನ ಗೆರೆಗಳ ಮಧ್ಯೆ ಒಂದೇ ಹನಿ ಉಪ್ಪುನೀರು ಹೊಕ್ಕರೂ ಆಚೆ ಬರಲು ದಾರಿ ಇಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ. ಸೀಸನ್ ಮುಗಿದ ಮೇಲೆ ಬಿಚ್ಚಲು ಹೋದರೆ ಬೆಸುಗೆ ಹಾಕಿದ ಹಾಗೆ ಕೂತಿರುತ್ತದೆ. ಬಲ ಹಾಕಿದರೆ ಚೋಕಿನ ಕಚ್ಚು ಮುರಿಯುತ್ತದೆ, ಇಲ್ಲಾ ತೆಳ್ಳನೆಯ ನಳಿಗೆ ತುದಿ ಸೊಟ್ಟಗಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಬಿಚ್ಚಿ. ತಿರುಪಿನ ಗೆರೆಗಳನ್ನು ಬ್ರಶ್ಶಿನಲ್ಲಿ ಉಜ್ಜಿ, ಒಳಗಿನ ಗೆರೆಗಳನ್ನೂ ಬೆರಳಿಗೆ ಬಟ್ಟೆ ಸುತ್ತಿ ತಿರುಗಿಸಿ ಒರೆಸಿ, ಚೋಕ್‌ಗೆಂದೇ ಸಿಗುವ ಗ್ರೀಸ್ ಚೂರು ಹಚ್ಚಿ ಕೈಯಲ್ಲೇ ಬಿಗಿ ಮಾಡಿ. ಚೋಕ್ ಇಲ್ಲದೆ ಈಡು ಹೊಡೆದರೆ ಗೆರೆಗಳೇ ಹಾಳು, ಅದಕ್ಕೆ ಮರೆಯದೆ ಹಾಕಿ.

ಎರಡು, ಎರಡು ನಳಿಗೆಗಳ ನಡುವಿನ ಪಟ್ಟಿ. ಇದನ್ನು ಸಾಮಾನ್ಯವಾಗಿ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಹಳೆ ಕೋವಿಯಲ್ಲಿ ಎಲ್ಲೋ ಕೂದಲೆಳೆಯಷ್ಟು ಬೆಸುಗೆ ಬಿಟ್ಟಿದ್ದರೆ ನೀರು ಪಟ್ಟಿಯ ಅಡಿಗೆ ಹೋಗುತ್ತದೆ, ನಳಿಗೆ ಹೊರಗಿನಿಂದ ಒಳಕ್ಕೆ ಸವೆಯುತ್ತದೆ, ಯಾರಿಗೂ ಕಾಣಿಸುವುದಿಲ್ಲ. ತೊಳೆದು ಒಣಗಿಸಿದ ಮೇಲೂ ಪಟ್ಟಿಯ ಅಂಚಿನಲ್ಲಿ ಕಂದು ನೀರು ಜಿನುಗಿದರೆ ಅದೇ ಸೂಚನೆ. ಪಟ್ಟಿ ಎಬ್ಬಿಸಿ ಮತ್ತೆ ಕೂರಿಸುವುದು ಕೆಲಸ ಬಲ್ಲವರು ಮಾಡಬೇಕಾದ್ದು. ಇಂಥ ಕೋವಿಗೆ ನೀರು ಸುರಿಯಲೂ ಬೇಡಿ.

ಸೆಮಿ ಆಟೋಮ್ಯಾಟಿಕ್, ಅಂದ್ರೆ ಒಂದು ಈಡು ಹೊಡೆದ ಮೇಲೆ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಕೋವಿ ಇದ್ದವರಿಗೆ ಇನ್ನೂ ಜಾಸ್ತಿ ಕೆಲಸ. ಗ್ಯಾಸ್ ಪಿಸ್ಟನ್, ತೋಟೆ ಕೂರುವ ಕೊಳವೆ, ಹಲವು ಮಾಡೆಲ್‌ಗಳಲ್ಲಿ ಮರದ ಹಿಂಬದಿಯೊಳಗೆ ಅಡಗಿರುವ ಸ್ಪ್ರಿಂಗ್, ಇಷ್ಟಕ್ಕೂ ನೀರು ಹೋಗುತ್ತದೆ. ಆದರೂ ಬಾತುಬೇಟೆಯವರಲ್ಲಿ ಅನೇಕರಿಗೆ ಅದೇ ಇಷ್ಟ. ಪ್ಲಾಸ್ಟಿಕ್ ಹಿಡಿ, ಮೇಲೆ ಗಟ್ಟಿ ಲೇಪ, ನಳಿಗೆಯೊಳಗೆ ಕ್ರೋಮ್ ಪದರ ಇರುವಂಥದ್ದು ಸಿಗುತ್ತದೆ. ನನ್ನ ಮಾತು ಕೇಳುವುದಾದರೆ ಉಪ್ಪು ಕೆಸರಿಗೆ ಇಂಥ ಒರಟು ಕೋವಿಯೇ ಸರಿ, ತಾತನ ಕಾಲದ ಕೆತ್ತನೆಯ ಜೋಡುನಳಿಗೆಯನ್ನು ಅಲ್ಲಿಗೆ ಒಯ್ಯುವುದು ಸುಮ್ನೆ ಚಟ.

ಎತ್ತಿಡುವುದು

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಬೀಗದ ಉಕ್ಕಿನ ಕಪಾಟಿನಲ್ಲಿ ಇಡುತ್ತಾರೆ. ಅದು ತಣ್ಣನೆಯ ಗ್ಯಾರೇಜಿನಲ್ಲಿದ್ದರೆ ಒಳಗೆಲ್ಲ ಹನಿಗಟ್ಟುತ್ತದೆ, ಮನೆಯೊಳಗಿನ ಒಣ ಕೋಣೆಯಲ್ಲಿರಲಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು, ತೇವ ಕುಡಿದು ತುಂಬಿದ ಪೊಟ್ಟಣದಿಂದ ಏನೂ ಪ್ರಯೋಜನ ಇಲ್ಲ. ಮೊದಲ ಕೆಲವು ದಿನ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಇಲ್ಲದಿದ್ದರೆ ಹೆಚ್ಚಿನ ಎಣ್ಣೆ ಇಳಿದು ಕುದುರೆಯ ಹಿಂದಿನ ಮರವನ್ನು ಮೆತ್ತಗೆ ಮಾಡುತ್ತದೆ. ಒಳಗಿಟ್ಟ ಮೇಲೆ ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಅಂಟುತ್ತದೆ, ಮುಟ್ಟಿದ ಕಡೆ ಎಣ್ಣೆ ಬಟ್ಟೆ ಆಡಿಸಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ತೆಗೆದು ನೋಡಿ. ಉಳಿದ ಉಪ್ಪು ಎಲ್ಲಿದೆ ಅಂತ ಆಗ ತಾನಾಗಿ ಗೊತ್ತಾಗುತ್ತದೆ.

ನಮ್ಮ ಕಡೆ ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಡೆಪಾಸಿಟ್ ಇಡಲು ಹೇಳುವುದುಂಟಲ್ಲ, ಆಗ ಇದು ನೆನಪಿರಲಿ. ಕೊಡುವ ಮೊದಲು ಒಳಗೂ ಹೊರಗೂ ಎಣ್ಣೆ ಮಾಡಿ, ಬಟ್ಟೆ ಚೀಲದಲ್ಲಿ ಸುತ್ತಿ ಕೊಡಬೇಡಿ. ಕೊಡಗಿನ ಮಳೆಯಲ್ಲಿ ಉಪ್ಪಿಲ್ಲ, ಹಾಗಾಗಿ ಅಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ಮುಖ್ಯ. ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಯನ್ನು ಶುಚಿ ಮಾಡಿ, ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗಿಡುವ ಪದ್ಧತಿಯಿದೆ. ಮುಂಗಾರಿನ ಜೋರು ಇಳಿಯುವ ಹೊತ್ತಿಗೆ ಪ್ರತಿ ಕೋವಿಯೂ ಒಮ್ಮೆ ಹೊರಗೆ ಬಂದ ಹಾಗಾಯಿತು.

ಆಗಲೇ ತುಕ್ಕು ಬಂದಿದ್ದರೆ

ಮೇಲೆ ಮೇಲೆ ಬಂದ ಕಿತ್ತಳೆ ಪುಡಿಯಾದರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒರಟು ಬಟ್ಟೆಯಲ್ಲಿ ಉಜ್ಜಿ. ಹೋಗದಿದ್ದರೆ ಅತಿ ನಯವಾದ ಸ್ಟೀಲ್ ವುಲ್, ಅಂದ್ರೆ ನಾಲ್ಕು ಸೊನ್ನೆಯದ್ದು, ಎಣ್ಣೆಯಲ್ಲಿ ನೆನೆಸಿ ಹಗುರವಾಗಿ ಆಡಿಸಿ. ಪಾತ್ರೆ ಉಜ್ಜುವ ನಾರು, ಸ್ಯಾಂಡ್ ಪೇಪರ್ ಬೇಡವೇ ಬೇಡ, ತುಕ್ಕಿನ ಜೊತೆ ನಳಿಗೆಯ ಬಣ್ಣವೂ ಹೋಗಿ ಬರಿ ಉಕ್ಕು ಬೆತ್ತಲಾಗುತ್ತದೆ. ಉಗುರಿಗೆ ಗುಂಡಿ ತಾಕಿದರೆ ಅಥವಾ ಒಳಗೆ ದೀಪ ಹಿಡಿದಾಗ ಕಪ್ಪು ಚುಕ್ಕೆಗಳು ಕಂಡರೆ ಕೈ ಹಾಕಬೇಡಿ. ಅಂಥ ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ರಿಪೇರಿಯವರು ಗೇಜ್ ಹಾಕಿ ಅಳೆದು ಹೇಳುವವರೆಗೆ ಅದರಲ್ಲಿ ಈಡು ಹೊಡೆಯಬಾರದು.