ಮೋಟ್ರು ಆನಾಯ್ತು ಸರಿ, ನೀರ್ ಬಿತ್ತಾ?

ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಕೆಳಗಿನ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ, ಮೇಲಿನ ಹೊಲಕ್ಕೆ ಹತ್ತುವುದಿಲ್ಲ. ಮೇಲಿನ ಹೊಲಕ್ಕಿರುವುದು ಒಂದೇ ಬೋರ್‌ವೆಲ್, ಮನೆಯಿಂದ 1.2 ಕಿಲೋಮೀಟರ್ ದೂರ. ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿಯ ವಾರಗಳಲ್ಲಿ ಅಪ್ಪ ಎರಡು ಗಂಟೆಗೆ ಎದ್ದು, ಟಾರ್ಚು ಕೋಲು ಹಿಡಿದು ಕಬ್ಬಿನ ನಡುವಿನ ಬದುವಿನ ಮೇಲೆ ನಡೆದುಹೋಗಿ ಮೋಟಾರ್ ಹಾಕಿ ಬರುತ್ತಿದ್ದರು. ಎಷ್ಟೋ ರಾತ್ರಿ ಅಲ್ಲಿ ಹೋದರೆ ಕರೆಂಟೇ ಇರುತ್ತಿರಲಿಲ್ಲ. ಹಾವಿನ ಭಯ ಮೊದಲಿನಿಂದಲೂ ಇತ್ತು. ಈಚೆಗೆ ಕಬ್ಬಿನೊಳಗೆ ಚಿರತೆ ಮರಿ ಹಾಕುವುದು ನಮ್ಮ ಕಡೆ ಮಾಮೂಲಾದ ಮೇಲೆ ಅಪ್ಪ ಹೊರಟ ಹೊತ್ತಿನಿಂದ ವಾಪಸ್ ಬರುವವರೆಗೆ ಅವ್ವ ಜಗಲಿ ಮೇಲೆ ಕೂತಿರುತ್ತಿದ್ದಳು.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದೇನೆ. ಫೋನಿನಿಂದಲೇ ಮೋಟಾರ್ ಓಡಿಸುವ ಮೊಬೈಲ್ ಸ್ಟಾರ್ಟರ್ ಹಾಕಬಹುದಿತ್ತು, ಅಂಗಡಿಗೆ ಬರುವ ಎಷ್ಟೋ ರೈತರಿಗೆ ನಾನೇ ಹಾಕಿಕೊಟ್ಟಿದ್ದೇನೆ. ಆದರೆ ನಮ್ಮ ಮೇಲಿನ ಹೊಲದಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮದೇ ರೇಡಿಯೊ ಎಂದು ತೀರ್ಮಾನಿಸಿದೆ.

ಮೊದಲು ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ರೆಡಿಮೇಡ್ ರಿಮೋಟ್, 433.92 ಮೆಗಾಹರ್ಟ್ಸ್‌ನದು. ಪೆಟ್ಟಿಗೆಯ ಮೇಲೆ ಮೂರು ಕಿಲೋಮೀಟರ್ ಎಂದು ಬರೆದಿತ್ತು, ನಮ್ಮಲ್ಲಿ ಸಿಕ್ಕಿದ್ದು ಸುಮಾರು ಮುನ್ನೂರು ಮೀಟರ್. ಆದರೂ ಅಪ್ಪನ ದಾರಿ ಅಷ್ಟು ಕಡಿಮೆಯಾಯಿತಲ್ಲ ಎಂದು ಇಟ್ಟುಕೊಂಡೆವು. ಅದನ್ನು ನೋಡಿ ಪಕ್ಕದ ಹೊಲದ ನಮ್ಮ ದೊಡ್ಡಪ್ಪನ ಮಗನೂ ಅಂಥದ್ದೇ ಒಂದು ತಂದ.

ಒಂದು ಸಂಜೆ ನಾನು ಬದುವಿನ ಮೇಲೆ ನಿಂತು ನಮ್ಮ ರಿಮೋಟ್ ಒತ್ತಿದೆ. ನಮ್ಮ ಮೋಟಾರ್ ಜೊತೆಗೆ ಅಣ್ಣನ ಮೋಟಾರೂ ಗುಂಯ್ ಎಂದಿತು. ಅಣ್ಣ ಆಗ ಸ್ಟಾರ್ಟರ್ ಬಾಗಿಲು ತೆಗೆದು ಸ್ಕ್ರೂಡ್ರೈವರ್ ಹಿಡಿದು ವೈರ್ ಬಿಗಿ ಮಾಡುತ್ತಿದ್ದ. "ಯಾರ್ಲಾ ಅದು ಆನ್ ಮಾಡಿದ್ದು!" ಎಂದು ಅವನು ಕೂಗಿದ ದನಿ ಇವತ್ತಿಗೂ ಕಿವಿಯಲ್ಲಿದೆ. ಅವನ ಕೈ ಟರ್ಮಿನಲ್‌ನಿಂದ ಒಂದು ಬೆರಳಗಲ ದೂರದಲ್ಲಿತ್ತು. ಕೆಲಸಕ್ಕೆ ಮೊದಲು ಮೇನ್ ಸ್ವಿಚ್ ಇಳಿಸಬೇಕಿತ್ತು, ನಿಜ. ಆದರೆ ಹೊಲದಲ್ಲಿ ಎಷ್ಟು ಜನ ಇಳಿಸುತ್ತಾರೆ ಎಂಬುದು ನನಗೆ ಗೊತ್ತು.

ರಾತ್ರಿ ಎರಡೂ ರಿಮೋಟ್ ಬಿಚ್ಚಿ ನೋಡಿದೆ. ಒಳಗಿನ ಚಿಪ್‌ಗೆ ವಿಳಾಸಕ್ಕೆಂದೇ ಎಂಟು ಕಾಲುಗಳಿವೆ. ಒಂದೊಂದನ್ನೂ ಪ್ಲಸ್‌ಗೆ ಕಟ್ಟಬಹುದು, ಮೈನಸ್‌ಗೆ ಕಟ್ಟಬಹುದು, ಇಲ್ಲವೇ ಹಾಗೇ ಬಿಡಬಹುದು. ಕಾಲಿಗೆ ಮೂರು ಸ್ಥಿತಿಯಂತೆ ಒಟ್ಟು 6561 ಬೇರೆ ಬೇರೆ ವಿಳಾಸ ಮಾಡಬಹುದು. ಎರಡರಲ್ಲೂ ಎಂಟು ಕಾಲನ್ನೂ ಹಾಗೇ ಬಿಟ್ಟಿದ್ದರು. ಅಂದರೆ ಎರಡಕ್ಕೂ ಒಂದೇ ಹೆಸರು. ಬೆಸುಗೆ ಹಾಕಿ ಬೇರೆ ಬೇರೆ ವಿಳಾಸ ಕೊಟ್ಟೆ, ಆ ಗಳಿಗೆಗೆ ಸಾಕಾಯಿತು. ಆದರೆ ಇಂಥ ರಿಮೋಟ್ ಪ್ರತಿ ಸಲವೂ ಅದೇ ಮಾತನ್ನೇ ಹೇಳುತ್ತದೆ. ಬೇರೆ ರಿಮೋಟ್ ನಕಲು ಮಾಡುವ ಅಗ್ಗದ ರಿಮೋಟ್ ಒಂದನ್ನು ಪಕ್ಕದಲ್ಲಿ ಹಿಡಿದು ಒತ್ತಿದರೆ ಆ ಮಾತನ್ನು ಕಲಿತುಬಿಡುತ್ತದೆ. ಅಂಗಡಿಯಲ್ಲೇ ಮಾಡಿ ನೋಡಿದೆ, ಒಂದು ನಿಮಿಷವೂ ಹಿಡಿಯಲಿಲ್ಲ.

ಆ ದಿನಗಳಲ್ಲಿ ಒಂದು ವಿಷಯ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಜಗದೀಶ್‌ಚಂದ್ರ ಬೋಸ್ 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲ್‌ನಲ್ಲಿ ಗೋಡೆಯಾಚೆಯಿಂದ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ನಾನು ಮಾಡಹೊರಟದ್ದರ ಮೂಲ ಅದೇ. ಆದರೆ ಆಗ ಅಂಥ ಯಂತ್ರಗಳು ಲೋಕದಲ್ಲಿ ಬೆರಳೆಣಿಕೆಯಷ್ಟು, ಅಲೆ ಯಾರದ್ದು ಎಂದು ಗಂಟೆ ಕೇಳಬೇಕಾದ ಪ್ರಮೇಯವಿರಲಿಲ್ಲ. 1935ರಲ್ಲಿ ಮೈಸೂರಿನ ಮನೆಯಿಂದ 'ಆಕಾಶವಾಣಿ' ಶುರುಮಾಡಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರಿಗೂ ಆ ಚಿಂತೆ ಇರಲಿಲ್ಲ, ಎಲ್ಲರಿಗೂ ಕೇಳಲಿ ಎಂದೇ ಅವರು ಮಾತನ್ನು ಗಾಳಿಗೆ ಬಿಟ್ಟದ್ದು. ನನ್ನ ಮಾತೂ ಎಲ್ಲರಿಗೂ ಕೇಳುತ್ತದೆ, ಅದನ್ನು ತಡೆಯಲಾಗದು. ಆದರೆ ಒಂದೇ ಒಂದು ಸ್ಟಾರ್ಟರ್ ಅದನ್ನು ಪಾಲಿಸಬೇಕು. ಅದೂ ಹೇಳಿದವನು ನಾನೇ ಎಂದು ಖಾತ್ರಿಯಾದ ಮೇಲೆ.

ಕಾರಿನ ಕೀಲಿಗಳಲ್ಲಿ ಇದಕ್ಕೊಂದು ಉಪಾಯ ಬಹಳ ಹಿಂದೆಯೇ ಬಂದಿದೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಕೀಲಾಕ್ ಎಂಬ ವಿಧಾನದಲ್ಲಿ ಪ್ರತಿ ಸಲ ಒತ್ತಿದಾಗಲೂ ಸಂಕೇತ ಬದಲಾಗುತ್ತದೆ, ನಿನ್ನೆಯ ಸಂಕೇತ ಇವತ್ತು ನಡೆಯುವುದಿಲ್ಲ. ಆ ಗೂಢಲಿಪಿಯನ್ನು ಆಮೇಲೆ ಸಂಶೋಧಕರು ಒಡೆದರು, ಆದರೆ ಅದರ ಹಿಂದಿನ ಆಲೋಚನೆ ಗಟ್ಟಿ. ನಾನು ಅದನ್ನೇ ಎತ್ತಿಕೊಂಡೆ. ಮನೆಯಲ್ಲೊಂದು, ಪಂಪಿನ ಹತ್ತಿರ ಒಂದು ರೇಡಿಯೊ ಡಬ್ಬ. ನಮ್ಮ ಪ್ರತಿ ಸಂದೇಶದಲ್ಲೂ ಕಳಿಸಿದ ಡಬ್ಬದ ಸಂಖ್ಯೆ ಇರುತ್ತದೆ, ಪ್ರತಿ ಸಲವೂ ಒಂದೊಂದು ಏರುವ ಎಣಿಕೆ ಇರುತ್ತದೆ, ಇವೆರಡನ್ನೂ ಗುಟ್ಟಿನ ಕೀಲಿಯೊಂದಿಗೆ ಕಲೆಸಿ ತೆಗೆದ ಸಹಿ ಇರುತ್ತದೆ. ಸಹಿ ತಾಳೆಯಾಗದಿದ್ದರೆ ಪಂಪಿನ ಡಬ್ಬ ಸುಮ್ಮನಿರುತ್ತದೆ. ಎಣಿಕೆ ಹಿಂದಿನದಕ್ಕಿಂತ ದೊಡ್ಡದಿಲ್ಲದಿದ್ದರೂ ಸುಮ್ಮನಿರುತ್ತದೆ. ಎಣಿಕೆಯನ್ನು ಚಿಪ್‌ನ ಶಾಶ್ವತ ನೆನಪಿನಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅದು ಸೊನ್ನೆಯಿಂದ ಶುರುವಾಗಿ ಹಳೆಯ ಸಂದೇಶಗಳೆಲ್ಲ ಮತ್ತೆ ಜೀವ ಪಡೆಯುತ್ತವೆ. ನಾನು ಬಳಸಿದ ಚಿಪ್‌ನಲ್ಲಿ ಒಂದು ಜಾಗಕ್ಕೆ ಒಂದು ಲಕ್ಷ ಸಲ ಬರೆಯಬಹುದು, ದಿನಕ್ಕೆ ಹತ್ತಿಪ್ಪತ್ತು ಸಲ ಒತ್ತುವ ರೈತನಿಗೆ ಅದು ಧಾರಾಳ.

ದೂರದ ಪ್ರಶ್ನೆಗೆ ಲೋರಾ ರೇಡಿಯೊ ಹಿಡಿದೆ, ಕಡಿಮೆ ಶಕ್ತಿಯಲ್ಲೇ ಸಣ್ಣ ಸಂದೇಶವನ್ನು ದೂರ ಮುಟ್ಟಿಸುವಂಥದ್ದು. ಸದ್ದುಗದ್ದಲದ ಕೆಳಗೆ ಮುಳುಗಿದ ಸಿಗ್ನಲ್ಲನ್ನೂ ಅದು ಹೆಕ್ಕಬಲ್ಲದು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಗೆ 2005ರಿಂದಲೇ ಪರವಾನಗಿ ಬೇಡ, 1 ವ್ಯಾಟ್‌ವರೆಗೆ ಕಳಿಸಬಹುದು. ನಾನು ಹಾಕಿದ್ದು 100 ಮಿಲಿವ್ಯಾಟ್ ಮಾತ್ರ. ಆ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್, ಅದರ ಕಾಲು ಭಾಗ 8.6 ಸೆಂಟಿಮೀಟರ್. ಅಷ್ಟುದ್ದದ ತಾಮ್ರದ ತಂತಿಯೇ ಆಂಟೆನಾ.

ನಾಟಿಯ ಕಾಲದಲ್ಲಿ ಮೊದಲ ಪರೀಕ್ಷೆ. ನಡುವೆ ಬರೀ ನೀರು ನಿಂತ ಗದ್ದೆ, ಎಳೆ ಕಬ್ಬು. ಮನೆ ಜಗಲಿಯಿಂದ ಒತ್ತಿದರೆ ಮೋಟಾರ್ ಓಡಿತು. ಅಪ್ಪ ಎರಡು ಸಲ ಒತ್ತಿ ಎರಡು ಸಲ ನಿಲ್ಲಿಸಿ, ಮೂರನೆಯ ಸಲ ನಡೆದುಹೋಗಿ ಕಣ್ಣಾರೆ ನೋಡಿಕೊಂಡು ಬಂದರು. ಸಿಗ್ನಲ್ ಬಲ ಮೈನಸ್ 108 ಡಿಬಿಎಂ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ ಎಂದರ್ಥ. ಆಮೇಲೆ ವಾರಕ್ಕೊಮ್ಮೆ ಬರೆಯುವ ಅಭ್ಯಾಸವಾಯಿತು, ಅದೇ ನನ್ನನ್ನು ಕಾಪಾಡಿತು. ಐದನೇ ತಿಂಗಳಿಗೆ ಮೈನಸ್ 116. ಎಂಟನೇ ತಿಂಗಳಿಗೆ ಮೈನಸ್ 127, ನಾಲ್ಕು ಸಲ ಒತ್ತಿದರೆ ಒಂದು ಸಲ ತಲುಪುತ್ತಿತ್ತು. ಮಳೆ ಬಂದ ಮರುದಿನ ಅದೂ ಇಲ್ಲ. ಡಬ್ಬ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ಬೆಸುಗೆ ಬಿಚ್ಚಿ ಹಾಕಿದೆ. ಕೊನೆಗೆ ನೋಟ್‌ಬುಕ್ಕಿನ ಅಂಕಿಗಳನ್ನು ನೋಡುತ್ತಾ ಕೂತಾಗ ಹೊಳೆಯಿತು: ಕೆಟ್ಟದ್ದು ಏನೂ ಇಲ್ಲ, ಕಬ್ಬು ಬೆಳೆದಿದೆ.

ರೇಡಿಯೊ ಅಲೆ ದಾರದ ಹಾಗೆ ಒಂದು ಗೆರೆಯಲ್ಲಿ ಹೋಗುವುದಿಲ್ಲ. ಎರಡು ತುದಿಯಲ್ಲಿ ಸಣ್ಣಗಾಗಿ ನಡುವೆ ಉಬ್ಬಿದ ಸೌತೆಕಾಯಿಯಂಥ ಜಾಗ ಅದಕ್ಕೆ ಬೇಕು. 1.2 ಕಿಲೋಮೀಟರಿಗೆ ಈ ಪಟ್ಟಿಯಲ್ಲಿ ನಡುಮಧ್ಯದ ಆ ಉಬ್ಬು ಸುತ್ತಲೂ ಸುಮಾರು 10 ಮೀಟರ್. ನನ್ನ ಆಂಟೆನಾ ಒಂದು ಕಡೆ ಜಗಲಿಯ ಕಂಬದಲ್ಲಿ, ಇನ್ನೊಂದು ಕಡೆ ಪಂಪ್‌ಹೌಸ್ ಕಿಟಕಿಯಲ್ಲಿ. ಆಳೆತ್ತರ ಮೀರಿ ಬೆಳೆದ, ಮೈಯೆಲ್ಲ ನೀರು ತುಂಬಿಕೊಂಡ ಕಬ್ಬಿನೊಳಗೇ ನನ್ನ ಮಾತು ತೂರಿಕೊಂಡು ಹೋಗಬೇಕಿತ್ತು.

ಪವರ್ ಹೆಚ್ಚಿಸಲಿಲ್ಲ, ಎತ್ತರ ಹೆಚ್ಚಿಸಿದೆ. ಮನೆಯ ಕಡೆ ತಾರಸಿಯ ನೀರಿನ ಟ್ಯಾಂಕ್ ಮೇಲೆ, ಹೊಲದ ಕಡೆ 20 ಅಡಿ ಜಿ.ಐ. ಪೈಪಿನ ಮೇಲೆ ಆಂಟೆನಾ ಏರಿಸಿದೆ. ಇಲ್ಲಿ ಒಂದು ಮಾತು. ಡಬ್ಬ ಕೆಳಗಿಟ್ಟು ಮೇಲಿನ ಆಂಟೆನಾಕ್ಕೆ ತೆಳು ಕೇಬಲ್ ಎಳೆದರೆ ಏರಿಸಿದ ಎತ್ತರದ ಲಾಭದಲ್ಲಿ ಒಂದಷ್ಟನ್ನು ಆ ಕೇಬಲ್ಲೇ ತಿಂದುಹಾಕುತ್ತದೆ. ರೇಡಿಯೊವನ್ನೇ ಆಂಟೆನಾ ಬುಡದಲ್ಲಿ ಕಟ್ಟಿ, ಅಲ್ಲಿಂದ ಕೆಳಗೆ ಮಾಮೂಲಿ ಡೇಟಾ ತಂತಿ ಇಳಿಸಿದರೆ ನಷ್ಟವಿಲ್ಲ. ಪೈಪಿಗೆ ಅರ್ಥಿಂಗ್ ಕೊಡುವುದನ್ನು ಮರೆಯಬಾರದು, ಬಯಲಿನಲ್ಲಿ ಸಿಡಿಲಿಗೆ ಮೊದಲು ಸಿಗುವುದು ಅದೇ. ಮಾರನೇ ವಾರ ನೋಟ್‌ಬುಕ್ಕಿನಲ್ಲಿ ಮೈನಸ್ 110 ಬರೆದೆ. ಕಬ್ಬು ಕಡಿಯುವವರೆಗೂ ಅದು ಹೆಚ್ಚುಕಡಿಮೆ ಅಲ್ಲೇ ನಿಂತಿತು.

ಇಷ್ಟಾದ ಮೇಲೆ ನಿಜವಾದ ಕೆಲಸ ಕಲಿಸಿದವಳು ಅವ್ವ. ಒಂದು ರಾತ್ರಿ ಒತ್ತಿದೆ, ಡಬ್ಬದಲ್ಲಿ ಹಸಿರು ದೀಪ ಹತ್ತಿತು. "ಆನಾಯ್ತು ಕಣವ್ವ, ಮಲಿಕೊ" ಅಂದೆ. "ಆನಾಯ್ತು ಅಂತದೆ ನಿನ್ ಡಬ್ಬ. ನೀರ್ ಬಿತ್ತಾ ಕೇಳು" ಅಂದಳು. ಬೆಳಗ್ಗೆ ಹೋಗಿ ನೋಡಿದರೆ ಹೊಲ ಒಣಗಿತ್ತು. ವೋಲ್ಟೇಜ್ ಕಡಿಮೆಯಿದ್ದು ಮೋಟಾರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಸ್ವಿಚ್ ಹಿಡಿದಿರಲಿಲ್ಲ. ನನ್ನ ಹಸಿರು ದೀಪ ಹೇಳುತ್ತಿದ್ದದ್ದು 'ಮಾತು ತಲುಪಿತು' ಎಂದಷ್ಟೆ. ನಾವು ಅದನ್ನು 'ಕೆಲಸ ಆಯಿತು' ಎಂದು ಓದಿಕೊಂಡಿದ್ದೆವು.

ಆಮೇಲೆ ಆಜ್ಞೆ ಹೋಗುವ ಕಡೆಗಿಂತ ಉತ್ತರ ಬರುವ ಕಡೆಗೇ ಹೆಚ್ಚು ದಿನ ಕೂತೆ. ಸ್ಟಾರ್ಟರ್‌ನಲ್ಲಿ ಆಜ್ಞೆಯ ವೈರಿಂಗ್ ಸುಲಭ: ಒಂದು ರಿಲೇ (ಡಬ್ಬದ ಆಜ್ಞೆಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್) ಹಸಿರು ಬಟನ್‌ಗೆ ಸಮಾನಾಂತರ, ಇನ್ನೊಂದು ಕೆಂಪು ಬಟನ್‌ನ ಸಾಲಿನಲ್ಲಿ. ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮುಟ್ಟಲೇಬಾರದು, ಅದು ಮೋಟಾರಿನ ಪ್ರಾಣ. ಉತ್ತರ ಮಾತ್ರ ಮೂರು ಕಡೆಯಿಂದ ಬರಬೇಕು. ಆರ್, ವೈ, ಬಿ ಮೂರೂ ಫೇಸ್ ಇದೆಯೇ ಎಂದು ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸುದ್ದಿ ಮುಟ್ಟಿಸುವ ಬಿಡಿಭಾಗ) ನೋಡುತ್ತದೆ. ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ವೈರ್ ಸುತ್ತ ಹಾಕಿದ ಸಿ.ಟಿ. ಕಾಯಿಲ್ ಅಳೆಯುತ್ತದೆ. ನಮ್ಮ 5 ಎಚ್.ಪಿ. ಮೋಟಾರ್ ನೀರೆತ್ತುವಾಗ 9 ಆಂಪಿಯರ್ ಆಸುಪಾಸು, ಬೋರ್ ಬರಿದಾದಾಗ 6ಕ್ಕೆ ಇಳಿಯುತ್ತದೆ, ಹಾಗೆ ಇಳಿದರೆ ಡಬ್ಬ ತಾನೇ ನಿಲ್ಲಿಸುತ್ತದೆ. ಮೂರನೆಯದು ಹೊಲದ ತೊಟ್ಟಿಯಲ್ಲಿ ಪೈಪಿನ ಬಾಯಿಗೆ ಕಟ್ಟಿದ ಫ್ಲೋಟ್ ಸ್ವಿಚ್. ನೀರು ಬಿದ್ದರೆ ಮಾತ್ರ ಅದು ಏಳುತ್ತದೆ. ಮನೆಯಲ್ಲಿ ಮೂರು ಬೀಪ್: ಕರೆಂಟ್ ಬಂದರೆ ಒಂದು, ಮೋಟಾರ್ ಎಳೆದರೆ ಎರಡನೆಯದು, ನೀರು ಬಿದ್ದರೆ ಉದ್ದನೆಯ ಮೂರನೆಯದು. ಮೊದಲನೆಯ ಬೀಪ್‌ಗೆ ಯಾರೂ ಏನೂ ಒತ್ತಬೇಕಿಲ್ಲ, ತ್ರೀಫೇಸ್ ಬಂದ ಕೂಡಲೇ ಡಬ್ಬ ತಾನಾಗಿ ಹೇಳುತ್ತದೆ. ಅಪ್ಪನಿಗೆ ಇಡೀ ಸಾಮಾನಿನಲ್ಲಿ ಇಷ್ಟವಾದದ್ದು ಅದೊಂದೇ.

ಕಾಂಟ್ಯಾಕ್ಟರ್ ಬಿಡುವಾಗಿನ ಕಿಡಿಗೆ ಬೋರ್ಡು ರೀಸೆಟ್ ಆಗುತ್ತಿತ್ತು. ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ರೀಸೆಟ್ ಆದರೆ ಮೋಟಾರ್ ನಿಂತೇ ಇರಬೇಕು, ಹಳೆಯದನ್ನು ನೆನೆದು ತಾನಾಗಿ ಓಡಬಾರದು ಎಂಬುದು ನನ್ನ ಕಟ್ಟುನಿಟ್ಟು. ಕರೆಂಟ್ ಬಂದ ಕೂಡಲೇ ತಾನಾಗಿ ಓಡುವ ಆಟೊ ಬೇಕೇ ಬೇಕು ಎಂದು ಕೇಳಿದವರಿಗೆ ಡಬ್ಬದ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆ ಸೆಕೆಂಡು ತಡ ಇಟ್ಟುಕೊಡುತ್ತೇನೆ. ಕರೆಂಟ್ ಬಂದ ಕ್ಷಣ ಎಲ್ಲ ಮೋಟಾರೂ ಒಟ್ಟಿಗೆ ಎಳೆದರೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುತ್ತದೆ, ಆಮೇಲೆ ಯಾರಿಗೂ ನೀರಿಲ್ಲ.

ಅಣ್ಣನ ಆ ಸಂಜೆಯ ಕೂಗಿಗೆ ನಾನು ಕೊಟ್ಟ ಉತ್ತರ ಒಂದು ಕಾರ್ಡು. 125 ಕಿಲೋಹರ್ಟ್ಸ್‌ನ, ಕೀಚೈನಿಗೆ ಸಿಕ್ಕಿಸುವಂಥ ಬಿಲ್ಲೆ. ಅದರಲ್ಲಿ ಬ್ಯಾಟರಿ ಇಲ್ಲ. ರೀಡರ್ ಹತ್ತಿರ ತಂದಾಗ ಅದರ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆ ಹೇಳುತ್ತದೆ. ಇಂಥ ಗುರುತಿನ ಚೀಟಿಗೆ ಆರ್‌ಎಫ್‌ಐಡಿ ಎಂಬ ಹೆಸರನ್ನು 1983ರ ಪೇಟೆಂಟ್‌ನಲ್ಲಿ ಬಳಸಿದವರು ಅಮೆರಿಕದ ಚಾರ್ಲ್ಸ್ ವಾಲ್ಟನ್. ನಮ್ಮಲ್ಲಿ ಅದರ ಕೆಲಸ ಒಂದೇ: ಸ್ಟಾರ್ಟರ್ ಬಾಗಿಲು ತೆಗೆಯುವ ಮುನ್ನ ಬಿಲ್ಲೆ ತೋರಿಸಬೇಕು. ತೋರಿಸಿದ ಮೇಲೆ ರೇಡಿಯೊದಲ್ಲಿ ಯಾರು ಏನೇ ಹೇಳಿದರೂ ಡಬ್ಬ ಕೇಳುವುದಿಲ್ಲ. ಅದೇ ಬಿಲ್ಲೆಯನ್ನು ಮತ್ತೆ ತೋರಿಸುವವರೆಗೆ ಬೀಗ ಬಿಡುವುದಿಲ್ಲ, ಬೇರೆಯವರ ಬಿಲ್ಲೆಯಿಂದಲೂ ಬಿಡುವುದಿಲ್ಲ. ಮೇನ್ ಸ್ವಿಚ್ ಇಳಿಸುವುದಕ್ಕೆ ಇದು ಬದಲಿಯಲ್ಲ ಎಂದು ಬಿಲ್ಲೆ ಕೊಡುವಾಗಲೆಲ್ಲ ಹೇಳುತ್ತೇನೆ. ರೀಡರನ್ನು ಮೊದಲು ಕಬ್ಬಿಣದ ಪ್ಯಾನೆಲ್ ಒಳಗಿಟ್ಟಿದ್ದೆ, ಏನೂ ಓದಲಿಲ್ಲ. ಲೋಹ ಆ ಕ್ಷೇತ್ರವನ್ನು ಹೊರಗೆ ಬಿಡುವುದಿಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಾಯಿಸಿದೆ.

ಮೊದಲ ಬಿಲ್ಲೆ ಅಣ್ಣನಿಗೇ ಕೊಟ್ಟೆ. ಅವನು ಅದನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ.

ಹೋದ ವಾರ ರಾತ್ರಿ ಪಾಳಿ. ಒಂದೂವರೆಗೆ ಮೊದಲ ಬೀಪ್ ಬಂತು, ಒತ್ತಿದೆ, ಎರಡನೆಯದೂ ಬಂತು. ಆಂಪಿಯರ್ ಸರಿಯಾಗಿ 9 ತೋರಿಸುತ್ತಿದೆ. ಮೂರನೆಯದು ಬರಲಿಲ್ಲ. ಹತ್ತು ನಿಮಿಷ ಕಾದು ನಿಲ್ಲಿಸಿದೆ. "ಬಿದ್ದಿಲ್ಲ ಕಣಪ್ಪ" ಎಂದು ಒಳಗಿನಿಂದ ಅವ್ವನೇ ಹೇಳಿದಳು. ಬೆಳಕು ಹರಿದ ಮೇಲೆ ಹೋದೆ. ಬೋರಿಗೂ ತೊಟ್ಟಿಗೂ ನಡುವೆ ಪೈಪಿನ ಜಾಯಿಂಟ್ ಬಿಟ್ಟುಕೊಂಡು ಅಣ್ಣನ ರಾಗಿ ಹೊಲದ ಅಂಚಿನಲ್ಲಿ ಮಣ್ಣು ಕೊಚ್ಚಿತ್ತು. ಹತ್ತೇ ನಿಮಿಷದ ನೀರಾದ್ದರಿಂದ ಪೈರು ಉಳಿದಿತ್ತು. ಬಿಲ್ಲೆ ತೋರಿಸಿ ಬೀಗ ಹಾಕಿ, ಮೇನ್ ಇಳಿಸಿ, ಕಾಲರ್ ಹೊಸದು ಹಾಕಿ ಬಿಗಿದೆ. ಮೇನ್ ಏರಿಸಿ ಬೀಗ ತೆಗೆದು ಮನೆಗೆ ಫೋನ್ ಮಾಡಿದೆ, ಆ ಹೊತ್ತಿಗೆ ಸಿಗ್ನಲ್ ಇತ್ತು. ಅಪ್ಪ ಜಗಲಿಯಿಂದ ಒತ್ತಿದರು. ನಾನು ತೊಟ್ಟಿಯ ಹತ್ತಿರ ನಿಂತಿದ್ದೆ. ಪೈಪು ಎರಡು ಸಲ ಗಾಳಿ ಉಗುಳಿ ನೀರು ಬಿಟ್ಟಿತು, ಫ್ಲೋಟ್ ಎದ್ದಿತು. ಫೋನಿನಲ್ಲಿ ಮೂರನೆಯ ಬೀಪ್ ಕೇಳಿಸಿತು.