ಗ್ರಾಫಿಕ್ಸ್ ಕಾರ್ಡ್‌ಗೆ ಮುಂಚೆ ಎಸ್‌ಎಂಪಿಎಸ್ ನೋಡಿ
ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ಬಿಚ್ಚಿ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಮೇಲಿನ ಚೀಟಿ ಓದಿ. ದೊಡ್ಡಕ್ಷರದ ವ್ಯಾಟ್ ನಂಬಬೇಡಿ. 12 ವೋಲ್ಟ್ ಸಾಲಿನ ಆಂಪ್ ಅನ್ನು 12ರಿಂದ ಗುಣಿಸಿ. ಕಾರ್ಡ್‌ಗೂ ಪ್ರೊಸೆಸರ್‌ಗೂ ಸೇರಿ ಸಿಗೋದು ಅಷ್ಟೇ ವ್ಯಾಟ್. ಮದರ್‌ಬೋರ್ಡ್ ಸ್ಲಾಟ್ ಕೊಡೋದು 75 ವ್ಯಾಟ್, ಎಸ್‌ಎಂಪಿಎಸ್‌ನಿಂದ ಕಾರ್ಡ್‌ಗೆ ಹೋಗುವ 8 ಪಿನ್ ಕೇಬಲ್ 150. ಆ ಕೇಬಲ್ ಇಲ್ಲ ಅಂತ ಹಾರ್ಡ್ ಡಿಸ್ಕ್‌ನ ಸಾಟಾ ವೈರ್‌ಗೆ ಕನ್ವರ್ಟರ್ ಮಾತ್ರ ಹಾಕಲೇಬೇಡಿ. ಸಾಟಾ ಪ್ಲಗ್ ತಾಳೋದು 54 ವ್ಯಾಟ್. ಗೇಮ್ ಜೋರಾದಾಗ ಪ್ಲಾಸ್ಟಿಕ್ ಕರಗಿ ವಾಸನೆ ಬರುತ್ತೆ, ಕಾರ್ಡೂ ಹೋಗಬಹುದು.

ಹೆಸರು ಒಂದೇ ಅಂತ ಮೋಸ ಹೋಗಬೇಡಿ. ಆರ್‌ಟಿಎಕ್ಸ್ 3060 ಕಾರ್ಡ್‌ನಲ್ಲಿ 12 ಜಿಬಿಯದು 192 ಬಿಟ್ ಬಸ್ (ಮೆಮೊರಿಯ ಡೇಟಾ ಓಡಾಡುವ ದಾರಿಯ ಅಗಲ), 8 ಜಿಬಿಯದು ಬರೀ 128. ಎರಡನೆಯದು ಸ್ಪಷ್ಟವಾಗಿ ನಿಧಾನ. ಅಂಗಡಿಯಲ್ಲಿ ಡಬ್ಬಿ ಮೇಲಿನ ಜಿಬಿ ಓದಿಯೇ ದುಡ್ಡು ಕೊಡಿ. ಕಾರ್ಡ್ ಹಿಡಿಸುತ್ತಾ ಅಂತ ಕ್ಯಾಬಿನೆಟ್ ಒಳಗಿನ ಉದ್ದವನ್ನೂ ಅಳೆಯಿರಿ, ಮುಂದಿನ ಫ್ಯಾನ್ ಬಿಟ್ಟು.